ಕಡಲ ನಡುವಣ ಕಿಚ್ಚು

ಅಮೆರಿಕದ ಕ್ಯಾಲಿಫೋರ್ನಿಯ ಸಂಸ್ಥಾನದ ಸಾಂತಾ ಬಾರ್ಬರಾ ಪಟ್ಟಣದ ಕಡಲಂಚಿನಲ್ಲಿ ನಿಂತು ದಕ್ಷಿಣಕ್ಕೆ ನೋಡಿದರೆ ನೀಲಿಯ ಬೆಟ್ಟಸಾಲೊಂದು ನೀರಿನಿಂದೆದ್ದಂತೆ ತೋರುವುದು. ಅವು ಚಾನೆಲ್ ದ್ವೀಪಗಳು. ಅವುಗಳಲ್ಲಿ ಹಿರಿದಾದುದು ಸಾಂತಾ ಕ್ರೂಸ್.

ಅಲ್ಲಿಗೆ ನಾವು ವೆಂಚುರಾ ರೇವಿನಿಂದ ಹಡಗಿನಲ್ಲಿ ಹೋಗಿ ಅಂದೇ ಮರಳಿದೆವು. ದ್ವೀಪದಲ್ಲಿ ಬೆಕ್ಕಿನ ಗಾತ್ರದ ನರಿಗಳುಂಟು. ಈ ದ್ವೀಪಗಳನ್ನು ಬಿಟ್ಟರೆ ಜಗತ್ತಿನಲ್ಲಿ ಮತ್ತೆಲ್ಲಿಯೂ ಅವಿಲ್ಲ. ಬುತ್ತಿಯ ಚೀಲವನ್ನು ಬಿಚ್ಚುವುದರಲ್ಲಿ ಅವು ಬಹು ಚತುರ. ಆದರೆ ನಿಜವಾದ ಅರಣ್ಯವಿರುವುದು ನೀರಿನೊಳಗೆ. ಕೆಲ್ಪ್ ಎಂಬ ಕಡಲಪಾಚಿಯು ಬಂಡೆಗಳನ್ನು ಕಚ್ಚಿ ತೆಂಗಿನೆತ್ತರಕ್ಕೆ ಬೆಳೆದು ಅಲೆಗಳೊಡನೆ ತೂಗಾಡುವುದು. ಅದರ ನಡುವೆ ಈಸುವ ಆಸೆಯಿಂದ ಜನರು ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಮುಳುಗುವರು. ಒಂದು ದಿನಕ್ಕೆ ತೃಪ್ತಿಯಾಗದವರು ಹಡಗಿನಲ್ಲೇ ಮಲಗಿ ಎರಡು ಮೂರು ದಿನ ಕಳೆಯುವರು.

ಹಾಗೆ ಬಂದ ಕನ್ಸೆಪ್ಶನ್ ಎಂಬ ಹಡಗು 2019ನೆಯ ಇಸವಿ ಸೆಪ್ಟೆಂಬರ್ 2ರ ಬೆಳಗಿನ ಜಾವ ಮೂರು ಗಂಟೆಯ ಹೊತ್ತಿಗೆ ಈ ದ್ವೀಪದ ಉತ್ತರ ದಡದ ಪ್ಲಾಟ್ಸ್ ಕೊಲ್ಲಿಯಲ್ಲಿ ಲಂಗರು ಹಾಕಿ ನಿಂತಿದ್ದಿತು. ಮೇಲಟ್ಟದಲ್ಲಿ ಮಲಗಿದ್ದ ಐವರು ನಾವಿಕರು ಎಚ್ಚತ್ತು ನೋಡುವಾಗ ನಡುವಣ ಊಟದ ಕೋಣೆಯು ಧಗಧಗಿಸುತ್ತಿದ್ದಿತು. ಅದರ ಕೆಳಗಿನ ಶಯನಾಗಾರದಲ್ಲಿ 33 ಮಂದಿ ಪ್ರಯಾಣಿಕರೂ ನಾವಿಕವರ್ಗದ ಒಬ್ಬ ತರುಣಿಯೂ ಇದ್ದರು. ಅವರಲ್ಲಿ ಒಬ್ಬರೂ ಉಳಿಯಲಿಲ್ಲ.

ಶಯನಾಗಾರಕ್ಕೆ ದಾರಿಗಳೇನೋ ಎರಡಿದ್ದುವು: ಮುಂದೆ ಮೆಟ್ಟಿಲು, ಹಿಂದೆ, ಮಂಚದ ಮೇಲಣ ಮಾಡಿನಲ್ಲಿ, ಒಂದು ಕಿರುಗಂಡಿ. ಎರಡೂ ತೆರೆಯುತ್ತಿದ್ದುದು ಅದೇ ಊಟದ ಕೋಣೆಗೆ. ಇವನ್ನು ಎರಡೆಂದು ಎಣಿಸಿದ ಗಣಿತವು ನಮಗೆ ತಿಳಿಯದು. ಹೊಗೆ ಕಂಡರೆ ಕೂಗುವ ಯಂತ್ರಗಳು ಮಲಗುವೆಡೆಯಲ್ಲಿದ್ದುವು, ಊಟದ ಕೋಣೆಯಲ್ಲಿರಲಿಲ್ಲ. ಅಲ್ಲಿ ಆ ರಾತ್ರಿ ಪ್ರಯಾಣಿಕರ ದೀಪಗಳಿಗೂ ಕ್ಯಾಮರಾಗಳಿಗೂ ಬೇಕಾದ ಲಿಥಿಯಂ ಬ್ಯಾಟರಿಗಳನ್ನು ವಿದ್ಯುತ್ತು ತುಂಬಲು ಇಟ್ಟಿದ್ದರು. ಆದರೆ ಹಡಗು ಸುಟ್ಟು ಮುಳುಗಿದುದರಿಂದ, ಅಮೆರಿಕದ ಸಾರಿಗೆ ಸುರಕ್ಷತಾ ಮಂಡಲಿಯು 2020ರ ತನ್ನ ವರದಿಯಲ್ಲಿ ಕಿಚ್ಚಿನ ಮೂಲವನ್ನು ನಿರ್ಣಯಿಸಲಾರದೆ ಹೋಯಿತು.

ಕಡಲ ಬೆಂಕಿಯೆಂದೊಡನೆ ಪುರಾಣ ಬಲ್ಲವರಿಗೆ ಬಡಬಾಗ್ನಿಯು ನೆನಪಾಗುವುದು. ಔರ್ವ ಋಷಿಯ ಕೋಪವು ಕುದುರೆಯ ಮೋರೆ ತಾಳಿ ಸಮುದ್ರದೊಳಗೆ ನೀರನ್ನು ಕುಡಿಯುತ್ತಿರುವುದೆಂದು ಕತೆ. ಈ ಹಡಗಿನ ಬೆಂಕಿಗೆ ಅಂತಹ ಹಿರಿಯ ಕಾರಣವೇನೂ ಬೇಕಾಗಲಿಲ್ಲ. ಪ್ರಯಾಣಿಕರು ಮಲಗಿರುವಾಗ ನಾವಿಕನೊಬ್ಬನು ಎಚ್ಚತ್ತು ತಿರುಗುತ್ತಿರಬೇಕೆಂದು ಅದರ ಪರವಾನಗಿಯಲ್ಲಿಯೇ ಬರೆದಿದ್ದರೂ ಅಂದು ಯಾರೂ ಎಚ್ಚರವಿರಲಿಲ್ಲ. ಸಂಸ್ಕೃತದಲ್ಲಿ ಇರುಳಿನ ಕಾವಲುಗಾರನಿಗೆ ಯಾಮಿಕನೆಂದು ಹೆಸರು. ನಮ್ಮ ಜಾವವೆಂಬುದು ಆ ಯಾಮವೇ. ಕಾವಲಿಡದೆ, ನಾವಿಕರಿಗೆ ಬೆಂಕಿಯಾರಿಸುವ ಅಭ್ಯಾಸ ಮಾಡಿಸದೆ ಇದ್ದ ಕಪ್ತಾನನು 2023ರಲ್ಲಿ ಅಪರಾಧಿಯೆಂದು ತೀರ್ಮಾನವಾಗಿ, 2024ರಲ್ಲಿ ನಾಲ್ಕು ವರ್ಷಗಳ ಸೆರೆಯನ್ನು ಹೊಂದಿದನು. ಉಗಿಹಡಗುಗಳು ಸಿಡಿದು ಜನರು ಸಾಯುತ್ತಿದ್ದ ಕಾಲದಲ್ಲಿ, 1838ರಲ್ಲಿ, ಹುಟ್ಟಿದ ಶಾಸನದ ಮೇರೆಗೆ ಈ ಶಿಕ್ಷೆಯಾಯಿತು. 2021ರಲ್ಲಿ ಅಲ್ಲಿಯ ಕರಾವಳಿ ಕಾವಲುಪಡೆಯು ಹೊಸ ನಿಯಮಗಳನ್ನು ಹೊರಡಿಸಿ, ಒಂದೆಡೆ ಹೊಗೆ ಕಂಡರೆ ಎಲ್ಲೆಡೆಯೂ ಕೂಗುವಂತೆ ಯಂತ್ರಗಳನ್ನು ಜೋಡಿಸಬೇಕೆಂದೂ, ಹೊರದಾರಿಗಳಿಗೆ ಯಾವ ಅಡ್ಡಿಯೂ ಇರಕೂಡದೆಂದೂ ವಿಧಿಸಿತು.

ನಮ್ಮ ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಮುಳುಗಲು ಹೋಗುವವರು ಹಗಲಲ್ಲೇ ಮರಳುವರಾದುದರಿಂದ ಅವರಿಗೆ ಶಯನಾಗಾರದ ಭಯವಿಲ್ಲ. ಎಂಜಿನೂ ಎಣ್ಣೆಯೂ ಅಲ್ಲಿಯೂ ಉಂಟು. ಮಕ್ಕಳನ್ನು ಕಳುಹುವ ಗೃಹಸ್ಥರು, ಬೆಂಕಿಯಾರಿಸುವ ಸಿಲಿಂಡರೂ ತೇಲುವ ಅಂಗಿಗಳೂ ಎಲ್ಲಿವೆಯೆಂದು ದೋಣಿಯವನನ್ನು ಕೇಳಿ, ಬಾಯಿಮಾತಿಗೆ ಬಿಡದೆ ಕಣ್ಣಾರೆ ನೋಡಿಕೊಳ್ಳಬಹುದು. ಅದಕ್ಕೆ ಐದು ನಿಮಿಷವೂ ಹಿಡಿಯದು.