ಸೋತವನ ಮನೆಯ ಬಾಗಿಲು

2015ರ ಆಗಸ್ಟಿನಲ್ಲಿ ಬೆಂಗಳೂರು ಮಹಾನಗರ ಪಾಲಿಕೆಯ ಚುನಾವಣೆಗೆ ನಾನೂ ನಿಂತಿದ್ದೆ. 198 ವಾರ್ಡುಗಳಲ್ಲಿ ನಮ್ಮದೂ ಒಂದು. ಸೋತೆ, ಠೇವಣಿಯೂ ಉಳಿಯಲಿಲ್ಲ. ಆದರೆ ಆ ವ್ಯಥೆ ಬೇಗ ಮರೆಯಿತು. ಗೆದ್ದವರ ಮನೆ ನಮ್ಮ ಹಿಂದಿನ ಬೀದಿಯಲ್ಲೇ ಇತ್ತು. ಮೋರಿ ಕಟ್ಟಿಕೊಂಡರೆ, ಬೀದಿಯ ದೀಪ ಆರಿದರೆ, ಬೆಳಗಾಗುತ್ತಲೇ ಅವರ ಕದ ತಟ್ಟುತ್ತಿದ್ದೆವು. ಗೊಣಗಿಕೊಂಡಾದರೂ ಅವರು ಹೊರಗೆ ಬರುತ್ತಿದ್ದರು. ಮತ್ತೆ ಮತ ಕೇಳಲು ನಮ್ಮ ಬಾಗಿಲಿಗೇ ಬರಬೇಕಲ್ಲವೇ?

2020ರ ಸೆಪ್ಟೆಂಬರಿನಲ್ಲಿ ಅವರ ಅವಧಿ ಮುಗಿಯಿತು. ಐದು ವರ್ಷ ತುಂಬುವ ಮೊದಲೇ ಹೊಸ ಚುನಾವಣೆ ಮುಗಿದಿರಬೇಕೆಂಬುದು ಸಂವಿಧಾನದ 74ನೆಯ ತಿದ್ದುಪಡಿಯ ವಿಧಿ. ಚುನಾವಣೆಯ ಬದಲು ಬಂದವರು ಆಡಳಿತಾಧಿಕಾರಿಗಳು. ವಾರ್ಡುಗಳು 2022ರಲ್ಲಿ 243 ಆದವು, 2023ರಲ್ಲಿ 225 ಆದವು. 2025ರ ಸೆಪ್ಟೆಂಬರಿನಲ್ಲಿ ಪಾಲಿಕೆಯೇ ಐದಾಯಿತು. ಮತದಾನದ ದಿನ ಮಾತ್ರ ಬರಲಿಲ್ಲ.

ಆ ಹಿಂಗಾರಿನಲ್ಲಿ ನೆರೆಮನೆಯ ಅಜ್ಜಿ ತೆರೆದ ಮೋರಿಗೆ ಬಿದ್ದು ಕಾಲು ಮುರಿದುಕೊಂಡರು. ಅವರ ಮಗ ನನ್ನ ಬಾಗಿಲಿಗೆ ಬಂದ.

“ಸೋತವನನ್ನೇಕೆ ಕೇಳುತ್ತೀಯಪ್ಪ?” ಎಂದೆ.

“ಗೆದ್ದವರೇ ಇಲ್ಲವಲ್ಲ, ರಾಯರೇ. ನೀವಾದರೂ ಇದ್ದೀರಿ.”

ನನ್ನಲ್ಲಿ ಉತ್ತರವಿರಲಿಲ್ಲ. ಚುನಾವಣೆ ಬಂದಾಗ ಇನ್ನೊಮ್ಮೆ ನಿಲ್ಲಬೇಕೆಂದು ಅಂದೇ ನಿಶ್ಚಯಿಸಿದೆ. ಗೆಲ್ಲುವೆನೆಂಬ ಭ್ರಮೆಯಿಲ್ಲ. ನಾನು ಸೋತರೂ ಚಿಂತೆಯಿಲ್ಲ. ಅಜ್ಜಿಯ ಮಗನಿಗೆ ಕದ ತಟ್ಟಲು ಗೆದ್ದವರದೊಂದು ಮನೆಯಿರಲಿ.