ಗೋಡೆಗೊಂದು ತೇಪೆ

ನಮ್ಮ ಮನೆ ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೆ ನಮ್ಮವರ ಬೆವರು ಇಳಿಯುತ್ತೆ. ಅಂಥ ಗೋಡೆಗಳ ನಡುವೆ ಬಾಳುವ ನಾನು ಬಾಗಿಲು ತಳ್ಳಿಯೇ ಗೋಡೆ ತೂತು ಮಾಡಿದೆ ಅಂದರೆ ನೀವು ನಂಬ್ತೀರಾ?

2018ರಲ್ಲಿ ತಂಗಿಯ ಬಾಣಂತನಕ್ಕೆಂದು ಅಮೆರಿಕದ ಟೆಕ್ಸಾಸಿಗೆ ಹೋಗಿದ್ದೆ. ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕ್ತೀನಿ ಅಂದೆ. “ಬೇಡ ಅಕ್ಕಾ, ಹೊಕ್ಕುಳು ಬೀಳೋವರೆಗೆ ಮೈ ಒರೆಸಿದ್ರೆ ಸಾಕು ಅಂದಿದ್ದಾರೆ ಡಾಕ್ಟರು” ಅಂದಳು. “ಇಬ್ಬರನ್ನು ಹೆತ್ತು ಸಾಕಿದವಳಿಗೆ ನೀನು ಹೇಳಿಕೊಡ್ತೀಯೇನೇ?” ಎಂದು ಸಿಟ್ಟಿನಲ್ಲಿ ಬಾಗಿಲು ತಳ್ಳಿದೆ. ಅದರ ಹಿಡಿ ಗೋಡೆಯೊಳಕ್ಕೇ ಹೊಕ್ಕಿತು!

ಅಲ್ಲಿಯ ಒಳಗೋಡೆ ಇಟ್ಟಿಗೆಯದಲ್ಲ. ಮರದ ಚೌಕಟ್ಟಿಗೆ ಅರ್ಧ ಇಂಚು ದಪ್ಪದ ಜಿಪ್ಸಂ ಹಲಗೆ ಬಡಿದಿರುತ್ತಾರೆ; ಹಿಂದೆ ಪೊಳ್ಳು. ಮೇಲೆ ಕಿತ್ತಳೆ ಸಿಪ್ಪೆಯ ಹಾಗೆ ತರಿತರಿ. ಅದೂ ಬಾಡಿಗೆ ಮನೆ. ಅಡ್ವಾನ್ಸಿನಲ್ಲಿ ದುಡ್ಡು ಹಿಡಿದುಕೊಂಡರೆ? ತಂಗಿಯಂತೂ ಮಾತೇ ಬಿಟ್ಟಳು.

ಅವಳ ಯಜಮಾನರು ಸಾಮಾನು ತಂದುಕೊಟ್ಟರು. ತೂತಿನ ಅಂಚು ಕೆರೆದು, ಅಂಟಿನ ಜಾಲರಿ ಅಂಟಿಸಿ, ಮೇಲೆ ಬಿಳಿ ಪುಟ್ಟಿ ಬಳಿದೆ. ಬೇಗ ಮುಗಿಯಲಿ ಎಂದು ಒಂದೇ ಸಲಕ್ಕೆ ದಪ್ಪಗೆ ಮೆತ್ತಿಬಿಟ್ಟೆ. ಮಾರನೇ ದಿನ ನೋಡಿದರೆ ಬಿರುಕು ಬಿಟ್ಟು, ಹಣೆಯ ಮೇಲಿನ ಬುಗುಟಿನಂತೆ ಕೂತಿದೆ!

ಮಗುವನ್ನು ಮಲಗಿಸಿ ತಂಗಿ ಬಂದು ನಿಂತಳು. “ಅಕ್ಕಾ, ದೋಸೆ ಹರಡೋ ಹಾಗೆ ಹರಡು. ಅಂಚು ತೆಳ್ಳಗಾಗಲಿ.” ಎರಡು ದಿನದ ಮೇಲೆ ಆಡಿದ ಮೊದಲ ಮಾತು ಅದು.

ಬುಗುಟು ಉಜ್ಜಿ ತೆಗೆದು, ಅಗಲ ಕರಣೆಯಿಂದ ತೆಳುವಾಗಿ ಮೂರು ಸಲ ಬಳಿದೆ. ಪ್ರತಿ ಸಲವೂ ಹಿಂದಿನದಕ್ಕಿಂತ ಅಗಲ. ನಡುವೆ ಆರಲು ಒಂದೊಂದು ದಿನ. ಆಮೇಲೆ ಉಪ್ಪುಕಾಗದದಿಂದ ಹಗುರವಾಗಿ ಉಜ್ಜಿದೆ. ಈ ಧೂಳು ಒಳ್ಳೆಯದಲ್ಲ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಮಗುವಿನ ಕೋಣೆಯ ಬಾಗಿಲು ಹಾಕಿಸಿದ್ದೆ. ತರಿ ಬರಿಸಲು ಸಿಂಪಡಿಸುವ ಡಬ್ಬಿಯೇ ಸಿಗುತ್ತೆ. ಮೊದಲು ರಟ್ಟಿನ ಮೇಲೆ ಹೊಡೆದು ಕೈ ಪಳಗಿಸಿಕೊಂಡೆ. ತೇಪೆಯ ಮೇಲಷ್ಟೇ ಹೊಡೆದರೆ ಅದು ಬೇರೆಯಾಗಿ ಎದ್ದು ಕಾಣುತ್ತೆ. ಸುತ್ತಲಿನ ಹಳೇ ತರಿಯ ಮೇಲೂ ಚೂರು ಬೀಳಬೇಕು. ಒಣಗಿದ ಮೇಲೆ ಪ್ರೈಮರ್, ನಂತರ ಬಣ್ಣ. ಪ್ರೈಮರ್ ಬಿಟ್ಟರೆ ಪುಟ್ಟಿ ಬಣ್ಣ ಹೀರಿಕೊಂಡು ಮಂಕು ಕಲೆ ಉಳಿಯುತ್ತೆ.

ಕಿಟಕಿಯ ಓರೆ ಬೆಳಕು ಬಿದ್ದಾಗ ಹುಡುಕಿದರೆ ಮಾತ್ರ ತೇಪೆ ಕಾಣುತ್ತಿತ್ತು. ಅವರು ಮನೆ ಬಿಡುವಾಗ ಯಾರೂ ಕೇಳಲಿಲ್ಲವಂತೆ. ಬಾಗಿಲ ಹಿಂದೆ ಒಂದು ರಬ್ಬರಿನ ತಡೆ ಹಾಕಿಸಿದೆ. ನನ್ನ ಬಾಯಿಗೂ ಒಂದು ಹಾಕಿಕೊಂಡೆ ಅನ್ನಿ!

ಹೊಕ್ಕುಳು ಬಿದ್ದು ಗಾಯ ಮಾಗಿದ ಮೇಲೆ ಒಂದು ಬೆಳಗ್ಗೆ ತಂಗಿಯೇ ಎಣ್ಣೆ ಬಟ್ಟಲು ಹಿಡಿದು ಬಂದಳು.

“ಅಕ್ಕಾ, ನೀರು ಕಾಯಿಸ್ತೀಯಾ?”