ಹೊರೆಯೂ ಹೆಗಲೂ

ಸಿಂಧನೂರು, ಲಿಂಗಸುಗೂರು, ಮಸ್ಕಿಯ ಸೀಮೆಯಲ್ಲಿ ಬೇಟೆಯ ಹಂದಿಯನ್ನು ಗಳಕ್ಕೆ ಕಟ್ಟಿ ಇಬ್ಬರು ಹೊತ್ತು ತರುತ್ತಿದ್ದ ಕಾಲವೊಂದಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಬೇಟೆಗೆ ನಿಷೇಧ ಬಿದ್ದಿತು. ಒಳಿತೇ ಆಯಿತೆಂದು ನಮ್ಮ ಮತ. ಆದರೆ ಮೇವು ಸೌದೆಗಳ ಹೊರೆ ತಪ್ಪಲಿಲ್ಲ.

ಕಾವಡಿಗೆ ಬಿದಿರೇ ಲೇಸು. ಗಡುಸು ಮರವು ಬಾಗದೆ ಹೆಜ್ಜೆಹೆಜ್ಜೆಗೂ ಹೆಗಲನ್ನು ಕುಟ್ಟುವುದು. ಬಿದಿರು ಬಾಗಿ ಏಳುತ್ತ ಆ ಪೆಟ್ಟನ್ನು ತಾನೇ ನುಂಗುವುದು. ಗಿಣ್ಣು ಮಾತ್ರ ಹೆಗಲ ಮೇಲೆ ಕೂಡಬಾರದು. ಎರಡು ತುದಿಗೂ ಸಮಭಾರ ತೂಗಿಸಿ ಹತ್ತು ಹೆಜ್ಜೆ ನಡೆದು ನೋಡಿದರೆ ಗುಣ ತಿಳಿಯುವುದು.

ಅಂಗಡಿಯಲ್ಲಿ ದೊರೆಯುವ, ಲೋಹದ ಚೌಕಟ್ಟುಳ್ಳ ಬೆನ್ನುಚೀಲವಾದರೆ ಸೊಂಟದ ಪಟ್ಟಿಯನ್ನು ಮೊದಲು ನೋಡಬೇಕು; ಭಾರವನ್ನು ಹೆಗಲಿನಿಂದ ಸೊಂಟಕ್ಕೆ ಇಳಿಸುವುದು ಅದೇ. ಚೌಕಟ್ಟು ಬೆನ್ನಿನ ಉದ್ದಕ್ಕೆ ಹೊಂದದಿದ್ದರೆ ಪಟ್ಟಿ ಹೊಟ್ಟೆಯನ್ನು ಬಿಗಿಯುವುದು. ಹಣ ಕೊಡುವವರು ಯಜಮಾನರಾಗಿ, ಹೊರುವವನು ಆಳಾಗಿದ್ದರೆ, ಅಂಗಡಿಗೆ ಅವನನ್ನೇ ಕರೆದೊಯ್ಯತಕ್ಕದ್ದು.